ಹೆಬ್ಬೆರಳು ಕಾಣುವ ನೀರು

ಮಾರ್ಚ್ ೩, ೧೯೪೬. ಭಾನುವಾರ

ನೀರು ಚೆನ್ನಾಗಿದೆ. ಬೆಳಿಗ್ಗೆ ಎಲ್ಲರಿಗಿಂತ ಮೊದಲು ಹಲಸೂರು ಕೆರೆಗಿಳಿದು, ಎದೆಮಟ್ಟ ನೀರಿನಲ್ಲಿ ನಿಂತು ಕೆಳಗೆ ನೋಡಿದೆ. ಕಾಲಿನ ಹೆಬ್ಬೆರಳು ಕಂಡಿತು. ಉಗುರು ಕಾಣಲಿಲ್ಲ, ಆದರೆ ನನ್ನ ಪರೀಕ್ಷೆಯಲ್ಲಿ ಉಗುರಿನ ಪ್ರಶ್ನೆಯಿಲ್ಲ. ಎದೆಮಟ್ಟದಲ್ಲಿ ಹೆಬ್ಬೆರಳು ಕಂಡರೆ ಆ ನೀರು ಈಜುವುದಕ್ಕೆ ಯೋಗ್ಯ. ಜೋಗುಪಾಳ್ಯದ ಬಾವಿಯಲ್ಲಿ ನನಗೂ ಇನಾಯತ್ ಉಲ್ಲಾನಿಗೂ ಈಜು ಕಲಿಸಿದ ನನ್ನ ಸೋದರಮಾವ ಹೀಗೆಯೇ ನೋಡುತ್ತಿದ್ದ. ಇದಕ್ಕಿಂತ ದೊಡ್ಡ ಪರೀಕ್ಷೆ ಯಾವ ಡಾಕ್ಟರ ಹತ್ತಿರವೂ ಇಲ್ಲ.

ಇನಾಯತ್ ಎಂದಿನಂತೆ ಮೆಟ್ಟಿಲ ಮೇಲೆ ಕುಳಿತು ಮೂಗಿಗೆ ಕರವಸ್ತ್ರ ಹಿಡಿದಿದ್ದ. ರಸಲ್ ಮಾರ್ಕೆಟ್ಟಿನ ಹಿಂದೆ ಅವನದು ಅತ್ತರಿನ ಅಂಗಡಿ. ಜಗತ್ತೆಲ್ಲ ಗುಲಾಬಿಯ ವಾಸನೆ ಹೊಡೆಯಬೇಕು ಅವನಿಗೆ. ದಮ್ಮು ಹತ್ತಿಕೊಂಡ ಮೇಲೆ ನೀರಿಗೆ ಇಳಿಯುವುದನ್ನು ಬಿಟ್ಟಿದ್ದಾನೆ. ಬಾಯಿ ಮಾತ್ರ ಬಿಟ್ಟಿಲ್ಲ.

‘ಅರೆ ಭಾಯಿ, ಗಬ್ಬು ನಾರ್ತಾ ಐತೆ. ಸಿಪಾಯಿಗಳ ಕ್ಯಾಂಪಿನ ಮೋರಿ ಇತ್ಲಾಗೇ ತಿರುಗ್ಸವ್ರೆ ಕಣೋ.’

‘ನಿಂದು ಮೂಗಲ್ಲ, ಅತ್ತರಿನ ಬಾಟ್ಲಿ,’ ಅಂದೆ.

ಆದರೂ ತಮ್ಮ ಅಸ್ಗರನನ್ನು ನನ್ನ ಹತ್ತಿರವೇ ಕಳಿಸುತ್ತಾನೆ. ಅಸ್ಗರ್ ಸೇರಿ ಎರಡು ತಿಂಗಳಾಯಿತು. ಬಾಯಿ ಬಡಬಡ, ಕೈಕಾಲು ಚುರುಕು. ರಂಜಾನ್ ಕಳೆದ ಮೇಲೆ ಮದುವೆಯಂತೆ. ಈಜು ಬರುವ ಗಂಡೆಂದರೆ ಮಾವನ ಮನೆಯಲ್ಲಿ ಮರ್ಯಾದೆ ಹೆಚ್ಚಂತೆ. ಯಾರು ತಲೆಗೆ ತುಂಬಿದರೋ.

ಇವತ್ತೂ ಎಲ್ಲರನ್ನೂ ಮೆಟ್ಟಿಲ ಮೇಲೆ ಸಾಲಾಗಿ ನಿಲ್ಲಿಸಿ ನಿಯಮ ಹೇಳಿಸಿದೆ. ನಾನು ಹೇಳುವ ತನಕ ಒಬ್ಬನೂ ನೀರಿಗೆ ಇಳಿಯುವಂತಿಲ್ಲ. ದಣಿದರೆ, ಕಾಲು ಹಿಡಿದುಕೊಂಡರೆ ಕೈ ಮೇಲೆತ್ತುವಂತಿಲ್ಲ. ಕೈ ಎತ್ತಿದರೆ ತಲೆ ಕೆಳಗೆ ಹೋಗುತ್ತದೆ. ಕೈಯನ್ನು ನೀರಲ್ಲೇ ಆಡಿಸುತ್ತ ‘ಮೇಷ್ಟ್ರೇ’ ಎಂದು ಕೂಗಬೇಕು. ಕೂಗಿದರೆ ನಾನು ಬಂದೆ ಎಂದೇ ತಿಳಿಯಬೇಕು. ಈ ಕೆರೆಯಲ್ಲಿ ಕಲಿಸಲು ಶುರುಮಾಡಿ ಐದು ವರ್ಷ, ಒಂದು ಹೆಣ ಬಿದ್ದಿಲ್ಲ. ಶಾಲೆಯಲ್ಲಿ ಡ್ರಿಲ್ ಮೇಷ್ಟ್ರಾಗಿ ಕಲಿಸಿದ್ದು ದಂಡವಾಯಿತೇನೋ, ಇಲ್ಲಿ ಕಲಿಸಿದ್ದು ಆಗಿಲ್ಲ.

ದೊಡ್ಡ ಸುದ್ದಿ: ಮುನಿಸಿಪಾಲಿಟಿ ಕಚೇರಿಯಿಂದ ಕಾಗದ ಬಂದಿದೆ. ಮೇ ತಿಂಗಳಲ್ಲಿ ಇಬ್ಬರು ಸಾಹೇಬರು ಬಂದು ನೋಡುತ್ತಾರಂತೆ. ನೀರು ಒಳ್ಳೆಯದಿದ್ದು, ಈಜುವವರಿಗೆ ಅಪಾಯವಿಲ್ಲ ಎಂದು ಮನವರಿಕೆಯಾದರೆ ಹೊಸ ಕಲ್ಲು ಮೆಟ್ಟಿಲುಗಳ ಘಾಟು, ಬಟ್ಟೆ ಬದಲಾಯಿಸಲು ಒಂದು ಕೋಣೆ, ಹಿಡಿದುಕೊಳ್ಳಲು ಹಗ್ಗ, ಎಲ್ಲ ಮಾಡಿಸಿಕೊಡುತ್ತಾರಂತೆ. ಇಲ್ಲವಾದರೆ ಇಳಿಯುವುದನ್ನೇ ನಿಲ್ಲಿಸುತ್ತಾರೆ. ನನಗೆ ಈ ಘಾಟು ಬೇಕು. ಮಕ್ಕಳಿಲ್ಲದವನು ನಾನು, ಹೆಸರು ಹೇಳಲು ಒಂದು ನಾಲ್ಕು ಮೆಟ್ಟಿಲಾದರೂ ಇರಲಿ.

ಮಾರ್ಚ್ ೯, ಶನಿವಾರ

ಎಡಗಿವಿಗೆ ನೀರು ಹೊಕ್ಕಿದೆ. ಗುಂಯ್ ಎನ್ನುತ್ತದೆ. ಇದಕ್ಕೆಲ್ಲ ಗಾಬರಿಯಾಗಬಾರದು. ಅದೇ ಕೆರೆಯ ನೀರನ್ನು ಅಂಗೈಯಲ್ಲಿ ತೆಗೆದುಕೊಂಡು ಕಿವಿಗೆ ಹೊಯ್ದು, ತಲೆ ವಾಲಿಸಿ ಒಂಟಿ ಕಾಲಲ್ಲಿ ಕುಪ್ಪಳಿಸಬೇಕು. ಹೊಸ ನೀರು ಹಳೆಯದನ್ನು ಕರೆದುಕೊಂಡು ಹೊರಬರುತ್ತದೆ. ಇದೂ ಮಾವನೇ ಕಲಿಸಿದ್ದು, ಎಲ್ಲರಿಗೂ ನಾನು ಕಲಿಸಿದ್ದು. ಇವತ್ತು ಐದಾರು ಸಲ ಹೊಯ್ದೆ. ಹೊರಬರಲಿಲ್ಲ. ನಾಳೆ ಬರುತ್ತದೆ.

ನನ್ನ ಹೆಂಡತಿ ಪಿಳ್ಳಮ್ಮ ಬೆಳ್ಳುಳ್ಳಿ ಎಣ್ಣೆ ಕಾಯಿಸಿ ಹಾಕಿದಳು. ಮನೆಯೆಲ್ಲ ಒಗ್ಗರಣೆ ವಾಸನೆ.

ಯುದ್ಧ ಮುಗಿದದ್ದು ಈಗ ಗೊತ್ತಾಗುತ್ತಿದೆ. ಸಿಪಾಯಿಗಳು ಗುಂಪುಗುಂಪಾಗಿ ಊರಿಗೆ ಹೊರಟಿದ್ದಾರೆ. ಲಾರಿಗಳ ಗದ್ದಲ ಕಡಿಮೆಯಾಗಿದೆ. ಬೆಳಗಿನ ಕಹಳೆಯನ್ನೂ ನಿಲ್ಲಿಸಿದಂತಿದೆ. ಒಳ್ಳೆಯದಾಯಿತು, ಹಲಸೂರು ಮತ್ತೆ ಹಲಸೂರಿನ ಹಾಗಾಗುತ್ತಿದೆ.

ಮಾರ್ಚ್ ೨೦

ಕಲಿಯುವವರಲ್ಲಿ ಇಬ್ಬರು ಬಂದಿಲ್ಲ. ದರ್ಜಿ ಸನಾವುಲ್ಲಾನಿಗೆ ಕಿವಿ ಸೋರುತ್ತಿದೆಯಂತೆ, ಇನ್ನೊಬ್ಬನಿಗೆ ಹೊಟ್ಟೆ ನೋವಂತೆ. ಸನಾವುಲ್ಲಾನ ಮನೆಗೆ ಹೋಗಿ, ಹೆದರಬೇಡ, ಇನ್ನಷ್ಟು ನೀರು ಹಾಕಿ ಕುಪ್ಪಳಿಸು ಎಂದು ಹೇಳಿ ಬಂದೆ. ಪಾಪ, ನನ್ನೆದುರಿಗೇ ಹಾಕಿಕೊಂಡ.

ಏಪ್ರಿಲ್ ೩, ಯುಗಾದಿ

ಒಬ್ಬಟ್ಟು ಚೆನ್ನಾಗಿತ್ತು. ಪಡಿತರದ ಕಾಲದಲ್ಲೂ ಪಿಳ್ಳಮ್ಮ ಎಲ್ಲಿಂದಲೋ ಬೆಲ್ಲ ಹೊಂದಿಸಿದ್ದಳು. ಊಟ ಚೆನ್ನಾಗಿದ್ದರೂ ಜಗಳವಾಯಿತು. ಈಚೆಗೆ ಇವಳಿಗೊಂದು ಕೆಟ್ಟ ಚಾಳಿ ಬಂದಿದೆ, ಬಾಯಿ ಬಿಟ್ಟು ಮಾತಾಡುವುದಿಲ್ಲ. ಒಲೆಯ ಕಡೆ ಮುಖ ಮಾಡಿ ಗೊಣಗುತ್ತಾಳೆ. ‘ಏನೇ ಅದು, ಜೋರಾಗಿ ಹೇಳಬಾರದಾ?’ ಅಂದರೆ ಎದುರಿಗೆ ಬಂದು ನಿಂತು ಕಿರುಚುತ್ತಾಳೆ. ನಡುವಿನ ದನಿ ಎಂಬುದೇ ಮರೆತುಹೋಗಿದೆ ಅವಳಿಗೆ.

‘ನಿಮ್ ಕಿವಿ ತೋರಿಸ್ಕೊಳ್ರೀ! ಅಂಗಡಿಯವ್ನು ಕರೀತಾ ಇದ್ರೂ ಹಂಗೇ ಬಂದ್ಬಿಟ್ರಲ್ಲ ಇವತ್ತು! ದಿಂಬೆಲ್ಲ ಹಳದಿ ಆಗೈತೆ, ನೋಡ್ಕೊಂಡ್ರಾ?’

‘ಅದು ನೀನು ಹಾಕಿದ ಎಣ್ಣೆ.’

‘ಎಣ್ಣೆ ಹಂಗೆ ನಾರ್ತದೇನ್ರೀ?’

ಹಬ್ಬದ ದಿನ ಬೇಡವೆಂದು ಇನ್ನೊಂದು ಒಬ್ಬಟ್ಟು ಹಾಕಿಸಿಕೊಂಡೆ. ಸಾಹೇಬರು ಬರುವ ಮುಂಚೆ ಈಜು ಕಲಿಸುವವನೇ ಆಸ್ಪತ್ರೆಯ ಬಾಗಿಲಲ್ಲಿ ಕೂತರೆ ಊರೆಲ್ಲ ಏನನ್ನುತ್ತದೆ? ಇನಾಯತನ ಕಿವಿಗೆ ಬಿದ್ದರೆ ಮುಗಿಯಿತು. ‘ನಾನು ಹೇಳಿರಲಿಲ್ಲವಾ ನೀರು ಕೆಟ್ಟಿದೆ ಅಂತ’ ಎಂದು ವರ್ಷವಿಡೀ ಹಾಡುತ್ತಾನೆ. ಘಾಟು ಆಗಲಿ, ಆಮೇಲೆ ತೋರಿಸಿಕೊಂಡರಾಯಿತು.

ಏಪ್ರಿಲ್ ೧೬, ಮಂಗಳವಾರ

ನಿನ್ನೆ ಮೊದಲ ಮಳೆ. ಊರಿನ ಕೊಳೆಯನ್ನೆಲ್ಲ ತೊಳೆದು ಕೆರೆಗೆ ತಂದು ಹಾಕಿದೆ. ಮೋರಿ ಸೇರುವ ಮೂಲೆಯಲ್ಲಿ ನೀರು ಕಪ್ಪಗಿತ್ತು. ನಮ್ಮ ಮೆಟ್ಟಿಲ ಹತ್ತಿರ ಅಷ್ಟಿಲ್ಲ. ಎದೆಮಟ್ಟದಲ್ಲಿ ನಿಂತಾಗ ಹೆಬ್ಬೆರಳು ಕಾಣಲಿಲ್ಲ, ನಿಜ. ಸೊಂಟಮಟ್ಟಕ್ಕೆ ಬಂದು ನಿಂತೆ, ಕಂಡಿತು. ಮಳೆಯ ಮಾರನೆಯ ದಿನ ಸೊಂಟಮಟ್ಟವೇ ಸರಿಯಾದ ಅಳತೆ ಎಂದು ತೋರುತ್ತದೆ.

ಇನಾಯತ್ ಮೇಲಿಂದ ನೋಡುತ್ತಿದ್ದ. ಇಳಿದು ಬಂದು ನನ್ನ ಮುಖದ ಹತ್ತಿರ ಮುಖ ತಂದ.

‘ಎದೆಮಟ್ಟ ಅಂತಿದ್ದೆ ನೀನು. ಮೂವತ್ತು ವರ್ಷದಿಂದ ಎದೆಮಟ್ಟ.’

‘ನೀರು ಹೆಚ್ಚಾದಾಗ ಲೆಕ್ಕ ಬೇರೆ.’

‘ಲೆಕ್ಕ ಹೆಂಗೋ ಬೇರೆ ಆಯ್ತದೆ? ನಿನ್ ಎದೆ ಕೆಳಗೆ ಇಳೀತಾ?’

ಸಾಲಿನಲ್ಲಿ ನಿಂತವರೆಲ್ಲ ನಕ್ಕರು. ನನಗೆ ರೇಗಿತು. ಅಷ್ಟು ಅನುಮಾನವಿದ್ದರೆ ತಮ್ಮನನ್ನು ಕರೆದುಕೊಂಡು ಹೋಗು, ಅತ್ತರಿನ ತೊಟ್ಟಿಯಲ್ಲಿ ಈಜಿಸು ಎಂದುಬಿಟ್ಟೆ. ಅವನು ನಗಲಿಲ್ಲ. ಅಸ್ಗರನೇ ಅಣ್ಣನ ಕೈ ಹಿಡಿದು ಏನೋ ಬೇಡಿಕೊಂಡ, ಸಾಹೇಬರ ಮುಂದೆ ಈಜಬೇಕೆಂದಿರಬೇಕು. ಆಗ ಇನಾಯತ್ ನನ್ನ ಭುಜದ ಮೇಲೆ ಕೈಯಿಟ್ಟು ನಿಧಾನವಾಗಿ ಹೇಳಿದ:

‘ನೋಡು ಸಂಜೀವಪ್ಪ, ಅಬ್ಬಾ ಹೋದ ಮೇಲೆ ನಾನೇ ಸಾಕಿರೋದು ಇವನ್ನ. ನಿನ್ ಮಾತಿನ ಮೇಲೆ ಬಿಡ್ತಾ ಇದೀನಿ. ನೀರಿನ ಮೇಲಲ್ಲ. ನೀನು ಸರಿ ಅಂದ್ರೆ ಸರಿ.’

‘ಸರಿ,’ ಅಂದೆ.

ಏಪ್ರಿಲ್ ೨೪

ಮತ್ತೆ ಮಳೆ. ಮೊಣಕಾಲುಮಟ್ಟದಲ್ಲಿ ಕಂಡಿತು.

ಮೇ ೪, ಶನಿವಾರ

ಹಲಸೂರು ಬಜಾರಿನಲ್ಲಿ ಒಂದು ಜಟಕಾ ಬೆನ್ನಿಗೆ ತಗುಲಿ ಅಂಗಿ ಹರಿಯಿತು. ಈಗಿನ ಜಟಕಾದವರು ಗಂಟೆಯನ್ನೇ ಬಾರಿಸುವುದಿಲ್ಲ. ಕೆಳಗಿಳಿಸಿ ಬೈದೆ. ಅವನೂ ಬೈದ. ಬೈಯುವಾಗಲೂ ಇವರಿಗೆಲ್ಲ ಗಂಟಲಿನಲ್ಲಿ ಶಕ್ತಿಯಿಲ್ಲ, ಬಾಯಿ ಮಾತ್ರ ಅಗಲ. ರೇಷನ್ ಅಕ್ಕಿಯ ಪರಿಣಾಮ.

ಬಲಗಿವಿಯೂ ಸ್ವಲ್ಪ ಕಟ್ಟಿಕೊಂಡಿದೆ. ನೀರು ಹೊಯ್ದೆ.

ಮೇ ೧೧, ಶನಿವಾರ

ನಾಳೆ ಸಾಹೇಬರು ಬರುತ್ತಾರೆ. ಮೆಟ್ಟಿಲ ಪಾಚಿಯನ್ನೆಲ್ಲ ನಾನೇ ಉಜ್ಜಿದೆ. ದೂರದಲ್ಲಿ ಗುರುತಿಗೆ ಕಟ್ಟಿರುವ ಪೀಪಾಯಿಗೆ ಸುಣ್ಣ ಬಳಿಸಿದೆ. ಒಬ್ಬೊಬ್ಬರಾಗಿ ಪೀಪಾಯಿಯ ತನಕ ಹೋಗಿ ಬರಬೇಕು, ಉಳಿದವರು ಸಾಲು ಬಿಟ್ಟು ಅಲ್ಲಾಡಬಾರದು. ಇಷ್ಟು ಜನ ಮೆಟ್ಟಿಲ ಮೇಲೆ ಗೊಂಬೆಗಳ ಹಾಗೆ ನಿಂತದ್ದನ್ನು ಕಂಡರೆ ಸಾಹೇಬರಿಗೆ ನಮ್ಮ ಶಿಸ್ತು ಗೊತ್ತಾಗುತ್ತದೆ. ಮೊದಲು ಅಸ್ಗರ್ ಹೋಗಲಿ. ಅವನ ಕೈ ಬೀಸು ಎಲ್ಲರಿಗಿಂತ ಚೆಂದ.

ಪಿಳ್ಳಮ್ಮ ತಾನೂ ಬರುತ್ತೇನೆ ಎಂದಳು. ಹೆಂಗಸರಿಗೆ ಅಲ್ಲೇನು ಕೆಲಸ ಎಂದೆ.

‘ಸಾಹೇಬ್ರಿಗೆ ಮಜ್ಜಿಗೆ ಕೊಡೋರು ಯಾರು? ನೀವು ಅವ್ರು ಕೇಳಿದ್ದಕ್ಕೆಲ್ಲ ಹೂಂ ಅಂತ ತಲೆ ಆಡಿಸ್ತಾ ನಿಂತ್ಕೊಂಡ್ರೆ, ಪಕ್ಕದಲ್ಲಿ ಒಬ್ರು ಬೇಡ್ವಾ?’

ಅವಳ ದೃಷ್ಟಿಯಲ್ಲಿ ನಾನು ಪೆದ್ದ. ಕೆ.ಆರ್. ಪುರದ ಕೆರೆಯ ದಂಡೆಯಲ್ಲಿ ಹುಟ್ಟಿದವಳು. ಮದುವೆಗೆ ಮುಂಚೆ ಎಮ್ಮೆಯ ಬಾಲ ಹಿಡಿದು ಆ ದಡದಿಂದ ಈ ದಡಕ್ಕೆ ಈಜುತ್ತಿದ್ದಳಂತೆ. ನನಗೆ ಈಜು ಕಲಿಸಲು ಬರುವುದಿಲ್ಲ ಎಂದು ಐದು ವರ್ಷದಿಂದಲೂ ಹೇಳುತ್ತ ಬಂದಿದ್ದಾಳೆ. ಬರಲಿ, ಒಂದು ಸಲ ಕಣ್ಣಾರೆ ನೋಡಲಿ.

ಮೇ ೧೨

ಅಸ್ಗರ್ ಬದುಕಿದ್ದಾನೆ. ಪಿಳ್ಳಮ್ಮ ಎಳೆದು ತಂದಳು. ಇವತ್ತು ಇಷ್ಟೇ.

ಮೇ ೧೩, ಸೋಮವಾರ

ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ.

ಸಾಹೇಬರಿಬ್ಬರೂ ಕಾರಿನಲ್ಲಿ ಬಂದರು. ಒಬ್ಬರು ದಪ್ಪ, ಒಬ್ಬರು ಸಣಕಲು. ಸಣಕಲಿನವರು ಪ್ರಶ್ನೆ ಕೇಳುತ್ತಿದ್ದರು. ಮೀಸೆ ದಟ್ಟವಾಗಿದ್ದರಿಂದ ಅವರ ತುಟಿ ಸರಿಯಾಗಿ ಕಾಣುತ್ತಿರಲಿಲ್ಲ, ಹಾಗಾಗಿ ನಾನು ಅವರ ಮುಖವನ್ನೇ ನೋಡುತ್ತ ನಿಂತಿರಬೇಕಾಯಿತು. ಅಸ್ಗರ್ ಇಳಿದ. ಉಳಿದವರೆಲ್ಲ ಸಾಲಿನಲ್ಲಿದ್ದರು. ಪೀಪಾಯಿಯ ತನಕ ಹೋಗಿದ್ದನ್ನು ನೋಡಿದೆ. ಮುಟ್ಟಿ ತಿರುಗಿದ್ದನ್ನೂ ನೋಡಿದೆ. ಸಾಹೇಬರು ಮತ್ತೇನೋ ಕೇಳಿದರು. ನೀರಿನ ವಿಷಯವಿರಬೇಕೆಂದು ಹೆಬ್ಬೆರಳಿನ ಪರೀಕ್ಷೆಯನ್ನು ವಿವರಿಸತೊಡಗಿದೆ.

ನಡುವೆ ಒಮ್ಮೆ ಕೆರೆಯ ಕಡೆ ತಿರುಗಿದೆ. ಇದನ್ನು ಬರೆಯಲೇಬೇಕು. ತಿರುಗಿ ನೋಡಿದೆ. ಅಸ್ಗರನ ತಲೆ ನೀರಿನ ಮೇಲಿತ್ತು. ಕೈ ಮೇಲೆತ್ತಿರಲಿಲ್ಲ, ಹೇಳಿಕೊಟ್ಟ ಹಾಗೆ ನೀರಲ್ಲೇ ಆಡಿಸುತ್ತಿದ್ದ. ಬಾಯಿ ಅಗಲವಾಗಿ ತೆರೆದಿತ್ತು. ಉಸಿರು ತೆಗೆದುಕೊಳ್ಳುತ್ತಿದ್ದಾನೆ, ಚೆನ್ನಾಗಿ ಕಲಿತಿದ್ದಾನೆ ಎಂದುಕೊಂಡು ಸಾಹೇಬರ ಕಡೆ ತಿರುಗಿದೆ.

ಸಾಹೇಬರು ನನ್ನನ್ನು ನೋಡುತ್ತಿರಲಿಲ್ಲ. ನನ್ನ ಹಿಂದೆ ನೋಡುತ್ತಿದ್ದರು. ಅಷ್ಟರಲ್ಲಿ ಪಿಳ್ಳಮ್ಮ ಸೀರೆಯನ್ನು ಕಚ್ಚೆ ಬಿಗಿದು ನನ್ನ ಪಕ್ಕದಲ್ಲೇ ಓಡಿ ಹೋಗಿ ನೀರಿಗೆ ಬಿದ್ದಳು. ಮಜ್ಜಿಗೆಯ ಚೊಂಬು ಮೆಟ್ಟಿಲ ಮೇಲೆ ಉರುಳಿತು. ಇವಳಿಗೇನು ಬಂತು ಎಂದುಕೊಂಡೆ. ಇನಾಯತ್ ನನ್ನ ಎರಡೂ ಭುಜ ಹಿಡಿದು ಅಲುಗಾಡಿಸುತ್ತಿದ್ದ, ಅವನ ಕಣ್ಣಿನಲ್ಲಿ ನೀರು ಸುರಿಯುತ್ತಿತ್ತು. ಆಗ ಕೆರೆಯ ಕಡೆ ನೋಡಿದೆ. ಅಸ್ಗರನ ತಲೆ ಕಾಣಲಿಲ್ಲ.

ನಾನು ಇಳಿಯುವ ಹೊತ್ತಿಗೆ ಪಿಳ್ಳಮ್ಮ ಅವನ ಕೂದಲು ಹಿಡಿದು ಎಳೆದುಕೊಂಡು ಬರುತ್ತಿದ್ದಳು. ಮೆಟ್ಟಿಲ ಮೇಲೆ ಬೋರಲು ಮಲಗಿಸಿ ಬೆನ್ನು ಅದುಮಿದೆವು. ಕಪ್ಪು ನೀರು ಕಾರಿದ. ತುಂಬ ಹೊತ್ತಿನ ಮೇಲೆ ಕೆಮ್ಮಿದ.

ಅವನು ಕೂಗಿದನಂತೆ. ಮತ್ತೆ ಮತ್ತೆ ಕೂಗಿದನಂತೆ. ಸಾಲಿನಲ್ಲಿ ನಿಂತವರಿಗೆಲ್ಲ ಕೇಳಿಸಿತಂತೆ. ‘ಹಾಗಾದರೆ ಯಾಕ್ರೋ ಇಳಿಯಲಿಲ್ಲ?’ ಎಂದು ಅವರನ್ನು ಬೈದೆ. ಸನಾವುಲ್ಲಾ ನನ್ನೆದುರಿಗೆ ನಿಂತು ಹೇಳಿದ: ‘ನೀವು ಹೇಳೋ ತನಕ ಇಳೀಬಾರ್ದು ಅಂದಿದ್ರಿ ಮೇಷ್ಟ್ರೇ. ನೀವು ತಿರುಗಿ ನೋಡಿದ್ರಿ. ನೋಡಿ ಸುಮ್ಮನಾದ್ರಿ. ಏನೂ ಆಗಿಲ್ಲ ಅಂದ್ಕೊಂಡ್ವಿ.’

ಸಾಹೇಬರು ಹೊರಡುವಾಗ ನನಗೆ ಏನೋ ಹೇಳಿ ಹೋದರು. ಏನೆಂದು ಪಿಳ್ಳಮ್ಮನನ್ನು ಕೇಳಲಿಲ್ಲ.

ಮೇ ೧೬, ಗುರುವಾರ

ಅಸ್ಗರನಿಗೆ ಜ್ವರ ಏರಿದೆ. ಎದೆಗೆ ನೀರು ಇಳಿದಿದೆ, ಅದೂ ಮೋರಿಯ ನೀರು ಎಂದು ಡಾಕ್ಟರ್ ಚಲುವಯ್ಯ ಹೇಳಿದರಂತೆ. ಹೊಸ ಮಾತ್ರೆ ಕೊಟ್ಟಿದ್ದಾರೆ. ಹಿಡಿದರೆ ಹಿಡಿಯಿತು ಎಂದರಂತೆ. ಪಿಳ್ಳಮ್ಮ ದಿನವೂ ಹೋಗಿ ಇನಾಯತನ ಹೆಂಡತಿ ಜಹನಾರಾಳ ಜೊತೆ ಕೂತು ಬರುತ್ತಾಳೆ. ನನ್ನನ್ನು ಕರೆಯುವುದಿಲ್ಲ. ನಾನೂ ಬರುತ್ತೇನೆ ಅನ್ನಲಿಲ್ಲ.

ಬೆಳಿಗ್ಗೆ ಕೆರೆಯ ಹತ್ತಿರ ಹೋಗಿ ಎದೆಮಟ್ಟದಲ್ಲಿ ನಿಂತೆ. ಹೆಬ್ಬೆರಳಿರಲಿ, ನೀರೊಳಗಿನ ನನ್ನ ಹೊಟ್ಟೆಯೇ ಕಾಣಲಿಲ್ಲ.

ಮೇ ೧೮, ಶನಿವಾರ

ಪಿಳ್ಳಮ್ಮ ರಟ್ಟೆ ಹಿಡಿದು ಡಾಕ್ಟರ್ ಚಲುವಯ್ಯನವರ ಹತ್ತಿರ ಕರೆದುಕೊಂಡು ಹೋದಳು. ಕಿವಿಯೊಳಗೆ ದೀಪ ಬಿಟ್ಟು ನೋಡಿದರು. ನೋಡಿ, ನನಗೆ ಹೇಳದೆ ಅವಳಿಗೆ ಹೇಳಿದರು. ಅವಳು ನನ್ನ ಬಲಗಿವಿಗೆ ಬಾಯಿಟ್ಟು ಕೂಗಿದಳು:

‘ತಮಟೆ ತೂತಾಗೈತಂತೆ! ಎರಡೂ ಕಿವೀದು! ಒಳಗೆಲ್ಲ ಕೀವಂತೆ!’

‘ಬೀದಿಗೆಲ್ಲ ಸಾರಬೇಡ.’

‘ಕೆರೆ ನೀರು ಹಾಕ್ತಾ ಇದ್ರಾ ಅಂತ ಕೇಳ್ತಾವ್ರೆ!’

ಡಾಕ್ಟರು ತಲೆಗೆ ಕೈ ಹೊತ್ತು ಕುಳಿತರು. ಇನ್ನೂ ಚಿಕ್ಕ ವಯಸ್ಸಿನವರು, ಬೇಗ ಬೇಜಾರಾಗುತ್ತದೆ. ಎಂದಿನಿಂದ ಕೇಳಿಸುತ್ತಿಲ್ಲ ಎಂದು ಅವಳ ಬಾಯಿಂದ ಕೇಳಿಸಿದರು. ಯುದ್ಧ ಮುಗಿದಾಗಿನಿಂದ ಎಂದೆ. ಪಿಳ್ಳಮ್ಮ ನನ್ನ ಮುಖವನ್ನು ನೋಡಿ ಸೆರಗಿನಲ್ಲಿ ಕಣ್ಣೊರೆಸಿಕೊಂಡಳು. ಅಳುವಂಥದ್ದೇನು ಹೇಳಿದೆನೋ ಗೊತ್ತಿಲ್ಲ.

ದೊಡ್ಡದೇನಲ್ಲ. ದೂರದ ದನಿ ಸ್ವಲ್ಪ ಕಡಿಮೆ, ಅಷ್ಟೆ. ಹತ್ತಿರ ಬಂದು ಮಾತಾಡಿದರೆ ಸಾಕು.

ಮೇ ೨೦, ಸೋಮವಾರ

ಕಲಿಯುವವರ ಮನೆಗಳಿಗೆಲ್ಲ ಹೋಗಿ ಬಂದೆ. ಇನ್ನು ಯಾರೂ ಕೆರೆಗೆ ಇಳಿಯಬಾರದು, ಕಿವಿಗೆ ನೀರು ಹಾಕಬಾರದು, ಕಿವಿ ಸೋರುತ್ತಿದ್ದರೆ ಡಾಕ್ಟರಿಗೆ ತೋರಿಸಬೇಕು ಎಂದು ಹೇಳಿದೆ. ಹೆಚ್ಚು ಮಾತಾಡದೆ ಮುಂದಿನ ಮನೆಗೆ ಹೋಗುತ್ತಿದ್ದೆ. ಸನಾವುಲ್ಲಾ ಮಾತ್ರ ಬಿಡಲಿಲ್ಲ. ಹೊಲಿಗೆ ಯಂತ್ರ ನಿಲ್ಲಿಸಿ, ಎದ್ದು ಬಂದು, ಕಿವಿಯ ಹತ್ತಿರವೇ ಕೇಳಿದ:

‘ನೀವೇ ಹಾಕು ಅಂದಿದ್ರಲ್ಲ ಮೇಷ್ಟ್ರೇ?’

‘ಹೌದು, ನಾನೇ ಅಂದದ್ದು. ತಪ್ಪು ಹೇಳಿದೆ.’

ಅವನು ಕುರ್ಚಿ ಹಾಕಿ ಟೀ ತರಿಸಿದ. ಅರ್ಧ ಬಿಟ್ಟು ಎದ್ದೆ.

ಅಲ್ಲಿಂದ ಇನಾಯತನ ಅಂಗಡಿಗೆ ಹೋದೆ. ಬಾಗಿಲು ಹಾಕಿತ್ತು. ಮನೆ ಪಕ್ಕದ ಗಲ್ಲಿಯಲ್ಲೇ. ಗಲ್ಲಿಯ ಬಾಯಿಯ ತನಕ ಹೋಗಿ ನಿಂತೆ. ಹೆಂಗಸರು ಬಿಂದಿಗೆ ಹಿಡಿದು ಓಡಾಡುತ್ತಿದ್ದರು. ಒಳಗೆ ಹೋಗಿ ಏನೆನ್ನಲಿ? ನನ್ನ ಮಾತಿನ ಮೇಲೆ ಬಿಟ್ಟಿದ್ದ. ವಾಪಸು ಬಂದೆ.

ಮೇ ೨೨

ಜ್ವರ ಇಳಿದಿಲ್ಲ. ಪಿಳ್ಳಮ್ಮ ಊಟ ಮಾಡಲಿಲ್ಲ.

ಮೇ ೨೩

ಬೆಳಗಿನಿಂದ ಮೆಟ್ಟಿಲ ಮೇಲೆ ಕೂತಿರುತ್ತೇನೆ. ಸುದ್ದಿ ಗೊತ್ತಿಲ್ಲದೆ ಬಂದವರನ್ನು ವಾಪಸು ಕಳಿಸುವುದು ಕೆಲಸ. ಒಬ್ಬ ಬೇಕರಿಯವನು, ‘ನಿಮ್ಗೇನ್ರೀ ಕೆರೆ ಬರ್ಕೊಟ್ಟವ್ರಾ?’ ಎಂದು ಜಗಳಕ್ಕೇ ನಿಂತ. ಡಾಕ್ಟರು ನನ್ನ ಕಿವಿಗೆ ಇಟ್ಟಿದ್ದ ಕೀವಿನ ಹತ್ತಿ ತೆಗೆದು ಅವನ ಮೂಗಿನ ಮುಂದೆ ಹಿಡಿದೆ. ಹಿಂದೆ ಸರಿದು ಹೋದ.

ಅಸ್ಗರ್ ಸತ್ತರೆ ನಾನು ಈ ಊರಿನಲ್ಲಿ ಇರಲಾರೆ. ಎಲ್ಲಿಗೆ ಹೋಗುವುದೆಂದೂ ಗೊತ್ತಿಲ್ಲ. ಅವನು ಮೆಟ್ಟಿಲ ಮೇಲೆ ನಿಂತು ಹರಟುತ್ತಿದ್ದನಲ್ಲ, ಅದೆಲ್ಲ ಏನಿತ್ತು ಎಂದು ನೆನಪು ಮಾಡಿಕೊಳ್ಳಲು ನೋಡಿದೆ. ಮಾರ್ಚ್ ತಿಂಗಳಲ್ಲಿ ಹೇಳಿದ್ದು ಸ್ವಲ್ಪ ನೆನಪಿದೆ. ಆಮೇಲಿನದು ಒಂದೂ ಇಲ್ಲ. ಬಾಯಿ ಆಡುತ್ತಿದ್ದದ್ದು ಮಾತ್ರ ಕಣ್ಣಿಗೆ ಕಟ್ಟಿದೆ. ನಾನು ಕೇಳಿಸಿಕೊಂಡವನ ಹಾಗೆ ನಗುತ್ತಿದ್ದೆ.

ಮೇ ೨೬, ಭಾನುವಾರ

ಪಿಳ್ಳಮ್ಮ ನಿನ್ನೆ ಹೋದವಳು ಮನೆಗೆ ಬರಲಿಲ್ಲ. ಎಷ್ಟೇ ಹೊತ್ತಾದರೂ ದೀಪ ಹಚ್ಚಲು ಬರುತ್ತಿದ್ದಳು. ಬರಲಿಲ್ಲವೆಂದರೆ ಅಲ್ಲಿ ಏನೋ ಆಗಿದೆ. ಬೆಳಿಗ್ಗೆ ಎದ್ದು ರಸಲ್ ಮಾರ್ಕೆಟ್ಟಿನ ಕಡೆ ಹೊರಟವನು ಕೆರೆಯ ಕಡೆ ತಿರುಗಿದೆ. ಕಾಲು ಆ ಕಡೆಗೆ ಹೋಗಲಿಲ್ಲ. ಹೆದರಿದ್ದೆ.

ಮೆಟ್ಟಿಲ ಮೇಲೆ ಕೂತಿದ್ದೆ. ಬಿಸಿಲೇರಿದ ಮೇಲೆ ಕೆರೆ ಏರಿಯ ಮೇಲೆ ಇನಾಯತ್ ಬರುವುದು ಕಂಡಿತು. ಅಂಗಿ ಮುದುರಿತ್ತು, ಗಡ್ಡ ಬಾಚಿರಲಿಲ್ಲ. ಇಸ್ತ್ರಿಯಿಲ್ಲದ ಬಟ್ಟೆಯಲ್ಲಿ ಅವನನ್ನು ಈ ಮೂವತ್ತು ವರ್ಷದಲ್ಲಿ ನೋಡಿರಲಿಲ್ಲ. ಅವನು ಬಂದು ನನಗಿಂತ ಒಂದು ಮೆಟ್ಟಿಲು ಕೆಳಗೆ ಕೂತ. ನನ್ನನ್ನು ನೋಡಲಿಲ್ಲ. ನೀರಿನ ಕಡೆ ಮುಖ ಮಾಡಿ ಮಾತಾಡತೊಡಗಿದ.

ತುಂಬ ಹೊತ್ತು ಮಾತಾಡಿದ. ನನಗೆ ಅವನ ಕೆನ್ನೆ, ಗಡ್ಡದ ಅಲುಗಾಟ, ಇಷ್ಟೇ ಕಾಣುತ್ತಿತ್ತು. ಒಂದು ಸಲ ಭುಜ ಕುಲುಕಿತು. ಅಳುತ್ತಿದ್ದಾನೋ, ದಮ್ಮಿನ ಕೆಮ್ಮೋ ತಿಳಿಯಲಿಲ್ಲ. ಒಂದು ಸಲ ಆಕಾಶದ ಕಡೆ ಕೈ ತೋರಿಸಿದ. ನಾನು ಹೂಂ ಎಂದೆ, ತಲೆಯಾಡಿಸಿದೆ. ಮತ್ತೆ ಹೂಂ ಎಂದೆ. ಇಷ್ಟು ತಿಂಗಳಿನಿಂದ ಎಲ್ಲರಿಗೂ ಮಾಡಿದ್ದು ಇದನ್ನೇ, ನಡೆದುಹೋಗುತ್ತಿತ್ತು. ಆಮೇಲೆ ತಟ್ಟನೆ ಹೊಳೆಯಿತು. ಇವನು ಯಾವುದಕ್ಕೆ ಹೂಂ ಅನ್ನಿಸಿಕೊಳ್ಳುತ್ತಿದ್ದಾನೆ? ತಮ್ಮನ ಸಾವನ್ನು ಹೇಳುತ್ತಿದ್ದಾನೆಯೇ? ಅದಕ್ಕೆ ನಾನು ಸರಿ ಸರಿ ಎಂದು ತಲೆಯಾಡಿಸುತ್ತಿದ್ದೇನೆಯೇ?

ಅವನ ತೋಳು ಹಿಡಿದು ಎಳೆದೆ. ತಿರುಗಿದ.

‘ಇನಾಯತ್, ನಂಗೆ ಕೇಳಿಸಲ್ಲ ಕಣೋ. ನೀನು ಹೇಳಿದ್ದು ಒಂದೂ ಕೇಳಿಸ್ಲಿಲ್ಲ. ಅವತ್ತು ಅವನು ಕೂಗಿದ್ದೂ ಕೇಳಿಸ್ಲಿಲ್ಲ. ಬಹಳ ದಿನದಿಂದ ಕೇಳಿಸ್ತಾ ಇಲ್ಲ. ಹೇಳು, ಇದಾನಾ ಅವನು?’

ನಾನು ಕೂಗಿ ಹೇಳಿದೆನೋ ಪಿಸುಗುಟ್ಟಿದೆನೋ ಗೊತ್ತಿಲ್ಲ. ಏರಿಯ ಮೇಲೆ ಹೋಗುತ್ತಿದ್ದವರು ನಿಂತು ನೋಡಿದರು. ಇನಾಯತ್ ಬಲಗೈಯ ಐದೂ ಬೆರಳು ಜೋಡಿಸಿ ತನ್ನ ಬಾಯಿಯ ಹತ್ತಿರ ತಂದ. ತುತ್ತು ಇಡುವ ಹಾಗೆ. ನನಗೆ ಅರ್ಥವಾಗಲಿಲ್ಲ. ಮತ್ತೆ ಮಾಡಿ ತೋರಿಸಿದ, ತುತ್ತು, ಇನ್ನೊಂದು ತುತ್ತು, ಆಮೇಲೆ ಅಗಿಯುವ ಹಾಗೆ ದವಡೆ ಆಡಿಸಿದ.

ಉಂಡಿದ್ದಾನೆ. ಅಸ್ಗರ್ ಅನ್ನ ಉಂಡಿದ್ದಾನೆ.

ನಾನು ಅಲ್ಲೇ ಅತ್ತುಬಿಟ್ಟೆ. ನಾಚಿಕೆಯಾಗಲಿಲ್ಲ. ಇನಾಯತ್ ಮೇಲಿನ ಮೆಟ್ಟಿಲಿಗೆ ಹತ್ತಿ ಬಂದು, ನನ್ನ ಪಕ್ಕ ಅಂಟಿ ಕೂತು, ಬಲಗಿವಿಯ ಹತ್ತಿಯನ್ನು ತಾನೇ ಕಿತ್ತು ಬಿಸಾಡಿ, ಅಲ್ಲಿಗೇ ಬಾಯಿಟ್ಟು, ಹೇಳಿದ್ದನ್ನೆಲ್ಲ ಮೊದಲಿನಿಂದ ಮತ್ತೆ ಹೇಳಿದ. ಕೂಗಿ ಕೂಗಿ ಹೇಳಿದ. ದಮ್ಮು ಹತ್ತಿದಾಗ ನಿಲ್ಲಿಸಿ, ಉಸಿರು ಬಂದ ಮೇಲೆ ಬಿಟ್ಟಲ್ಲಿಂದ ಹಿಡಿದ. ಅರ್ಧಕ್ಕರ್ಧ ನನ್ನನ್ನು ಬೈದದ್ದೇ. ಒಂದನ್ನೂ ಬಿಡದೆ ಕೇಳಿಸಿಕೊಂಡೆ.